ಅಂಜದ ಕೂಸು

ಘೋಣಸಗಿಯ ಅಮೀನಸಾಬ ಗುಟ್ಟು ಹೇಳಿದರೂ ಪಕ್ಕದೂರು ಕಳ್ಳಕವಟಗಿಗೆ ಕೇಳುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಸಿಟ್ಟಂತೂ ಮೂಗಿನ ತುದಿಯಲ್ಲೇ. ಇಪ್ಪತ್ತು ವರ್ಷ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಅಲ್ಲಿನ ಸದ್ದು ಮೀರಿಸಿ ಒದರಿ ಒದರಿ ಅವನ ಗಂಟಲು ಹಾಗೇ ದೊಡ್ಡದಾಗಿಬಿಟ್ಟಿತ್ತು. ದ್ರಾಕ್ಷಿ ಒಣಗಿದ ಮೇಲೆ ಕೂಲಿಯವರು ಕಬ್ಬಿಣದ ಚೌಕಟ್ಟು ಬಡಿದು ಬಲೆಯಿಂದ ಉದುರಿಸುವಾಗ ಊರ ನಾಯಿಯೂ ಆ ಕಡೆ ಸುಳಿಯುತ್ತಿರಲಿಲ್ಲ. ಆದರೆ ಬಾಣಂತನಕ್ಕೆ ಬಂದಿದ್ದ ಮಗಳು ನಸ್ರೀನಳ ಕೂಸು ಮಿನಾಜ ಮಾತ್ರ ಶೆಡ್ಡಿನ ಕಂಬಕ್ಕೆ ಕಟ್ಟಿದ ಜೋಳಿಗೆಯಲ್ಲಿ ಗಾಢ ನಿದ್ದೆ ಹೊಡೆಯುತ್ತಿತ್ತು.

"ನೋಡ್ರಿ, ನನ್ನ ಮೊಮ್ಮಗಳು!" ಎಂದು ಅವನು ಬಂದವರಿಗೆಲ್ಲ ತೋರಿಸುತ್ತಿದ್ದ. "ಎರಡೂವರಿ ತಿಂಗಳ ಕೂಸು. ಯಾತಕ್ಕೂ ಅಂಜೂದಿಲ್ಲ. ಹುಲಿ ಐತಿ, ಹುಲಿ!"

ವಿಜಯಪುರದಲ್ಲಿ ಹೆರಿಗೆಯಾದಾಗ, ಕೂಸಿನ ಕಿವಿ ಪರೀಕ್ಷೆಗೆ ಮತ್ತೊಮ್ಮೆ ಬರಬೇಕೆಂದು ಆಸ್ಪತ್ರೆಯವರು ಚೀಟಿ ಕೊಟ್ಟಿದ್ದರು. ಹುಲಿಮರಿಗೆ ಎಂಥ ಪರೀಕ್ಷೆ ಎಂದು ಅಮೀನಸಾಬ ಅದನ್ನು ಮಡಚಿ ಕಪಾಟಿನ ಮೇಲೆ ಒಗೆದಿದ್ದ. ಬರುವ ಗುರುವಾರ ಬಬಲೇಶ್ವರದಿಂದ ಬೀಗರು ಬಂದು ಮಗಳನ್ನೂ ಕೂಸನ್ನೂ ಕರೆದೊಯ್ಯುವವರಿದ್ದರು.

ಕೂಸಿಗೆ ನೀರೆರೆಯಲು ದಿನಾ ಬೆಳಿಗ್ಗೆ ಶಂಕ್ರೆವ್ವ ಬರುತ್ತಿದ್ದಳು. ವಯಸ್ಸು ಎಂಬತ್ತರ ಹತ್ತಿರ. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ನೆರಳು ಬಿಟ್ಟರೆ ಮತ್ತೇನೂ ಕಾಣದು. ಆದರೆ ಬಚ್ಚಲಿನಲ್ಲಿ ಕಾಲು ಚಾಚಿ ಕೂತು, ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡರೆ ಅವಳ ಕೈಗೆ ಕಣ್ಣು ಬೇಕಿರಲಿಲ್ಲ. ಊರಿನ ಅರ್ಧ ಮಂದಿ ಆ ಕಾಲಿನ ಮೇಲೆಯೇ ಮೊದಲ ನೀರು ಹೊಯ್ಯಿಸಿಕೊಂಡವರು. ಐವತ್ತನಾಲ್ಕು ವರ್ಷದ ಹಿಂದೆ ಅಮೀನಸಾಬ ಕೂಡ.

ಸೋಮವಾರ ಬೆಳಿಗ್ಗೆ ಎಣ್ಣೆಗೈಯಿಂದ ಅವಳ ತಾಮ್ರದ ಚರಗಿ ಜಾರಿ ಕಲ್ಲಿನ ಮೇಲೆ ಠಣ್ ಎಂದು ಬಿತ್ತು. ನಸ್ರೀನ ಬೆಚ್ಚಿದಳು. ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ಅಮೀನಸಾಬ ತಿರುಗಿ ನೋಡಿದ. ಶಂಕ್ರೆವ್ವ ಮಾತ್ರ ಕಲ್ಲಿನ ಹಾಗೆ ಕೂತಿದ್ದಳು. ಆಮೇಲೆ ಚರಗಿ ತಡವಿ ಎತ್ತಿಕೊಂಡು, ಬೇಕೆಂದೇ ಮತ್ತೆ ಬಡಿದಳು. ಮತ್ತೊಮ್ಮೆ ಬಡಿದಳು.

"ಅಮೀನಾ, ಈ ಕೂಸಿಗೆ ಕೇಳಸಾಂಗಿಲ್ಲೋ."

"ಏನಂದಿ?"

"ಸಪ್ಪಳಾದ್ರ ಕೂಸಿನ ಬೆನ್ನು ಝಲ್ ಅಂತೈತಿ. ಅದು ನನ್ನ ಕಾಲಿಗೆ ತಿಳೀತೈತಿ. ಇದರ ಬೆನ್ನು ಸುಮ್ನ ಐತಿ."

ಅಮೀನಸಾಬನ ಚಹಾ ಲೋಟ ಅಂಗಳದಾಚೆ ಹೋಗಿ ಬಿತ್ತು. "ಕಣ್ಣ ಕಾಣದ ಮುದುಕಿ, ನೀ ನನ್ನ ಕೂಸಿನ ಕಿವಿ ನೋಡಾಕಿ? ಬೀಗರಿಗೆ ಗೊತ್ತಾದ್ರ ನನ್ನ ಮಗಳ ಗತಿ ಏನು? ಏಳು! ನಾಳಿಂದ ಈ ಹೊಸ್ತಿಲ ತುಳೀಬ್ಯಾಡ!"

ಶಂಕ್ರೆವ್ವ ಅವಸರ ಮಾಡಲಿಲ್ಲ. ಕೂಸಿನ ಮೈ ಒರೆಸಿ, ಸುತ್ತಿ ನಸ್ರೀನಳ ಕೈಗಿಟ್ಟು, ಕೋಲು ಹುಡುಕಿಕೊಂಡಳು. "ನೀನೂ ಹಿಂಗ ಒದರಾವ ಇದ್ದಿ, ಹುಟ್ಟಿದಾಗಿಂದ. ಆದ್ರ ನಾ ಚರಗಿ ಬಡದಾಗ ನನ್ನ ಕಾಲ ಮ್ಯಾಲ ಉಚ್ಚಿ ಹೊಯ್ಕೊಂಡಿದ್ದಿ ಲೇ. ಅದು ಕಿವಿ ಇದ್ದ ಕೂಸು," ಎಂದು ಹೊರಟೇಹೋದಳು.

ಅವತ್ತು ಅಮೀನಸಾಬನಿಗೆ ಊಟ ರುಚಿಸಲಿಲ್ಲ. ಮಧ್ಯಾಹ್ನ ಕೂಲಿಯವರು ಉಣ್ಣಲು ಹೋದ ಮೇಲೆ, ಕಳ್ಳನ ಹಾಗೆ ಒಂದು ಖಾಲಿ ಎಣ್ಣೆ ಡಬ್ಬಿ ಹಿಡಿದು ಜೋಳಿಗೆಯ ಹಿಂದೆ ನಿಂತ. ಕೂಸು ಎಚ್ಚರವಾಗಿಯೇ ಇತ್ತು. ಡಬ್ಬಿ ಬಡಿದ. ಶೆಡ್ಡಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಕೂಸು ಹಸಿರು ಬಲೆಯ ತೂತಿನಿಂದ ಇಳಿದ ಬಿಸಿಲಕೋಲನ್ನು ನೋಡುತ್ತಲೇ ಇತ್ತು. ಮತ್ತೆ ಬಡಿದ. ಕಣ್ಣರೆಪ್ಪೆ ಕೂಡ ಅಲುಗಲಿಲ್ಲ.

ಡಬ್ಬಿ ಕೆಳಗಿಟ್ಟು, ಹಿಂದಿನಿಂದಲೇ ಬಾಗಿದ. ಅವನ ಮುಖ ಕಾಣುವ ಮೊದಲೇ ಕೂಸಿನ ಮೂಗಿನ ಹೊಳ್ಳೆ ಸಣ್ಣಗೆ ಅರಳಿತು. ಗೋಣು ಮೆಲ್ಲನೆ ಅವನತ್ತ ಹೊರಳಿತು. ಅವನ ಅಂಗಿಯಲ್ಲಿ ಸದಾ ಇರುವ, ದ್ರಾಕ್ಷಿಗೆ ಹಾಕುವ ಗಂಧಕದ ಹೊಗೆಯ, ಬೆವರಿನ ವಾಸನೆ ಅದಕ್ಕೆ ಗುರುತಿತ್ತು! ಎತ್ತಿಕೊಂಡು "ಮಿನಾಜ" ಎಂದ. ಕೂಸಿನ ಪುಟ್ಟ ಕೈ ಅವನ ಗಂಟಲಿಗೆ ತಾಗಿತು. ಇನ್ನೊಮ್ಮೆ ಅಂದ. ಗಂಟಲು ನಡುಗಿದ್ದು ಬೆರಳಿಗೆ ತಿಳಿದು, ಕೂಸು ಬೊಚ್ಚುಬಾಯಿ ತೆರೆದು ನಕ್ಕಿತು. ಅಮೀನಸಾಬ ಅಲ್ಲೇ ನೆಲಕ್ಕೆ ಕೂತ. ಇಷ್ಟು ದಿನ ಕೂಸು ತನ್ನ ದನಿಗೆ ನಗುತ್ತದೆ ಅಂದುಕೊಂಡಿದ್ದ. ಅದು ಮೂಗಿನಿಂದ, ಬೆರಳಿನಿಂದ ತನ್ನನ್ನು ಹುಡುಕಿಕೊಳ್ಳುತ್ತಿತ್ತು.

ಸಂಜೆ ಹೊತ್ತು ಇಳಿಯುವ ಮುಂಚೆ ಶಂಕ್ರೆವ್ವನ ಕಟ್ಟೆಯ ಮುಂದೆ ನಿಂತ. ತಪ್ಪಾಯಿತು ಎನ್ನುವುದು ಅವನ ಬಾಯಿಗೆ ರೂಢಿಯಿಲ್ಲದ ಮಾತು.

"ಚಪ್ಪಲಿ ಸಪ್ಪಳ ಅಮೀನಂದು. ಬಾ, ಕೂಡ್ರು," ಎಂದಳು ಶಂಕ್ರೆವ್ವ.

"ನೀ ಅಂದದ್ದು ಖರೆ ಆಯಿ."

"ಗೊತ್ತೈತಿ. ನಿನ್ನ ಕೈ ಕೊಡು." ಅವನ ಒರಟು ಅಂಗೈಯನ್ನು ತನ್ನ ಬೆರಳಲ್ಲಿ ಸವರಿದಳು. "ಮುಟ್ಟಿದ್ದು ತಿಳಿಯೂದು ಎಲ್ಲಾಕಿಂತ ಮೊದಲ ಬರತೈತಿ, ಹೊಟ್ಟ್ಯಾಗ ಇದ್ದಾಗನ. ಹುಟ್ಟಿ ಒಂದು ವಾರದಾಗ ತಾಯಿ ವಾಸನಿ ತಿಳೀತೈತಿ. ಎರಡು ತಿಂಗಳಿಗೆ ಮಾರಿ ನೋಡಿ ನಗತೈತಿ. ಆಮ್ಯಾಲ ಸಪ್ಪಳದ ಕಡೆ ಗೋಣು ತಿರಗಸತೈತಿ. ಯಾರೂ ಕಲಸಾಂಗಿಲ್ಲ ನೋಡು, ಒಂದೊಂದ ಬಾಗಲಾ ತಾವ ತೆರೀತಾವ. ನಂದು ಈಗ ಒಂದೊಂದ ಮುಚ್ಚಾಕತ್ತಾವ. ಕಣ್ಣು ಹೋತು. ಉಪ್ಪಿನ ರುಚಿ ಹೋತು, ಸೊಸಿ ಕೈಲೆ ಬೈಸ್ಕೊಂತೀನಿ. ಕಿವೀನೂ ಮೆಲ್ಲಕ ಹೊಂಟೈತಿ. ಮೊದಲ ಬಂದದ್ದು ಕಡೀಕ ಹೋಗತೈತಿ ಅಂತ ಕಾಣತೈತಿ. ಕೈ ಇನ್ನೂ ಐತಿ."

ಅಮೀನಸಾಬ ತನ್ನ ಕೈಯನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. ಐವತ್ತನಾಲ್ಕು ವರ್ಷದ ಬಾಳಿನಲ್ಲಿ ಅದರಿಂದ ಹಣ್ಣು ಹಿಚುಕಿದ್ದ, ಟ್ರ್ಯಾಕ್ಟರ್ ಹೊಡೆದಿದ್ದ, ನಾಲ್ಕು ಮಂದಿಗೆ ಬಾರಿಸಿಯೂ ಇದ್ದ. ಈ ಕೈ ಹೊಟ್ಟೆಯೊಳಗಿನ ಕತ್ತಲಲ್ಲೇ ಎಚ್ಚರಾಗಿತ್ತು ಎಂದು ಒಮ್ಮೆಯೂ ಅವನಿಗೆ ಹೊಳೆದಿರಲಿಲ್ಲ.

"ಮುಂಜಾನೆ ಕೂಸಿನ್ನ ವಿಜಯಪುರಕ್ಕ ಒಯ್ಯಿ. ಕಿವಿ ತಡಾ ಮಾಡಿದ್ರ ಮಾತೂ ತಡಾ ಆಗತೈತಿ," ಎಂದಳು.

ಕಪಾಟಿನ ಮೇಲಿನ ಚೀಟಿ ಹುಡುಕಿ ಮರುದಿನವೇ ವಿಜಯಪುರಕ್ಕೆ ಹೋದರು. ಮಲಗಿದ ಕೂಸಿನ ತಲೆಗೆ ತಂತಿ ಹಚ್ಚಿ ನೋಡಿದ ಡಾಕ್ಟರು, ಬಲಗಿವಿ ಕೇಳುವುದೇ ಇಲ್ಲ, ಎಡಗಿವಿಯಲ್ಲಿ ಸ್ವಲ್ಪ ಶಕ್ತಿ ಇದೆ, ಯಂತ್ರ ಹಾಕಿದರೆ ಕೇಳಬಹುದು ಎಂದರು. ಗುರುವಾರ ಬೀಗರು ಬಂದಾಗ ಅಮೀನಸಾಬ ತಾನೇ ಎಲ್ಲ ಹೇಳಿದ. ಚೀಟಿ ಒಗೆದದ್ದನ್ನೂ ಬಿಡಲಿಲ್ಲ.

ಬೀಗಿತ್ತಿ ಮಾಬುಬಿ ಕೂಸನ್ನು ಎದೆಗವಚಿಕೊಂಡಳು. "ಕೂಸು ನಮ್ಮದು, ಹೆಂಗಿದ್ರೂ ನಮ್ಮದು. ಚೀಟಿ ಒಗದ ಕೈ ಅಷ್ಟ ನಿಮ್ಮದ್ರಿ," ಎಂದಳು.

ಮೇ ತಿಂಗಳಲ್ಲಿ ಯಂತ್ರ ಬಂತು. ಹುಣಸೆಬೀಜದಷ್ಟಿದ್ದ ಅದನ್ನು ಕೂಸಿನ ಎಡಗಿವಿಯ ಹಿಂದೆ ಹಾಕಿಸಿ, ನಸ್ರೀನ ವಿಜಯಪುರದಿಂದ ನೇರವಾಗಿ ಅಪ್ಪನ ಶೆಡ್ಡಿಗೆ ಬಂದಳು. ಶಂಕ್ರೆವ್ವ ಕಾಲು ಚಾಚಿ ಕೂತು ಕೂಸಿಗಾಗಿ ಕಾಯುತ್ತಿದ್ದಳು. ಕಾಲ ಮೇಲೆ ಮಲಗಿಸಿಕೊಂಡು ಪಾದಕ್ಕೆ ಎಣ್ಣೆ ಸವರತೊಡಗಿದಳು. ಕೂಸು ತನ್ನ ಬೆರಳು ತಾನೇ ಚೀಪುತ್ತಿತ್ತು. ಏನೂ ಆಗಲಿಲ್ಲ. ಅಮೀನಸಾಬ ಪಕ್ಕದಲ್ಲೇ ನಿಂತಿದ್ದ.

ಅಷ್ಟರಲ್ಲಿ ಕೂಲಿಯ ಪಾಂಡು ತುಂಬಿದ ಬುಟ್ಟಿಯೊಂದನ್ನು ಮಗುಚಿದ.

"ಲೇ ಪಾಂಡ್ಯಾ! ಕಣ್ಣ ಎಲ್ಲಿಟ್ಟೀಯೋ!"

ಒದರಿದ ಮೇಲೆಯೇ ಅಮೀನಸಾಬನಿಗೆ ಅರಿವಾದದ್ದು. ಶಂಕ್ರೆವ್ವನ ಕೈ ಗಕ್ಕನೆ ನಿಂತಿತ್ತು.

"ಝಲ್ ಅಂತು!" ಮುದುಕಿ ಕೂಗಿದಳು. "ಅಮೀನಾ, ಬೆನ್ನು ಝಲ್ ಅಂತೋ!"

ಕೂಸಿನ ತುಟಿ ಸೊಟ್ಟಗಾಯಿತು, ಗದ್ದ ಅದುರಿತು, ಆಮೇಲೆ ಶೆಡ್ಡು ಹಾರಿಹೋಗುವಂತೆ ಅತ್ತಿತು.

"ಅಂಜ್ಯಾಳ!" ಎಂದ ಅಮೀನಸಾಬ. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು. "ಪಾಂಡ್ಯಾ, ನನ್ನ ಮೊಮ್ಮಗಳು ಅಂಜ್ಯಾಳ ಲೇ!"

"ಅಬ್ಬಾ, ಇನ್ನರ ಸಾವಕಾಶ ಮಾತಾಡ್ರಿ!" ಎಂದು ನಸ್ರೀನ ಅಳುತ್ತಲೇ ಅಪ್ಪನನ್ನು ಗದರಿದಳು.

ಅಮೀನಸಾಬ ಕೂಸಿನ ಎಡಕ್ಕೆ ಕುಕ್ಕರಗಾಲಲ್ಲಿ ಕೂತ. ಹೆದರಿ ಹೆದರಿ, ಜೀವನದಲ್ಲಿ ಎಂದೂ ಆಡದಷ್ಟು ಮೆತ್ತಗೆ ಏನೋ ಅಂದ. ಅಳು ನಿಂತಿತು. ಒದ್ದೆ ಕಣ್ಣು ಅರಳಿಸಿ ಕೂಸು ಆ ದನಿಯ ಕಡೆಗೆ ಗೋಣು ಹೊರಳಿಸಿತು.

"ಏನಂದ್ಯೋ ಅಮೀನಾ? ನನಗ ಕೇಳಸ್ಲಿಲ್ಲ," ಎಂದಳು ಶಂಕ್ರೆವ್ವ.

"ನಿನಗಲ್ಲ ಬಿಡ ಆಯಿ," ಎಂದು, ಅವಳ ಎಣ್ಣೆಗೈಯನ್ನು ಎತ್ತಿ ತನ್ನ ಗಂಟಲಿನ ಮೇಲೆ ಇಟ್ಟುಕೊಂಡು, ಅದೇ ಮಾತನ್ನು ಅಷ್ಟೇ ಮೆತ್ತಗೆ ಇನ್ನೊಮ್ಮೆ ಅಂದ.