ಪರವಾಗಿಲ್ಲ ಎಂದದ್ದು

ಹೊಲಿಗೆಯಮ್ಮನನ್ನು ಬಲಕ್ಕೆ ಹೊರಳಿಸಿ, ಬೆನ್ನ ಹಿಂದಿನ ಹಳೆಯ ಹಾಸನ್ನು ಸುರುಳಿ ಸುತ್ತುತ್ತಿದ್ದಳು ನರ್ಸ್. ಎಡ ಹೆಗಲಿಗೆ ಬಟ್ಟೆಯ ಅಂಚೂ ತಾಗಬಾರದು. ತಾಗಿದರೆ ಆಕೆ ಕೂಗುವುದಿಲ್ಲ, ಉಸಿರು ಹಿಡಿಯುತ್ತಾಳೆ, ಅಷ್ಟೇ.

"ನೋವು ಹೇಗಿದೆಯಮ್ಮ?"

"ಪರವಾಗಿಲ್ಲ ಬಿಡು ತಾಯಿ."

ಅರ್ಧ ಆಯುಸ್ಸು ಊರವರ ಬಟ್ಟೆ ಹೊಲಿದ ಹೆಗಲು ಅದು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಕಾಣಲಿಲ್ಲವೆಂದೇ ನೆಂಟರು ಮೊದಲು ನಂಬುವುದು ಬಿಟ್ಟರು, ಆಮೇಲೆ ಬರುವುದು ಬಿಟ್ಟರು. ಉಳಿದವಳು ಮಗಳೊಬ್ಬಳು. ದೂರದ ಊರಿನ ಇಸ್ತ್ರಿ ಅಂಗಡಿಯಲ್ಲಿ ಕೆಲಸ. ಅವಳಿಗೆ ಕಿವಿ ಮಂದ, ಫೋನಿನ ಮಾತು ಕೇಳಿಸುವುದಿಲ್ಲ.

ಹೋದ ತಿಂಗಳು ಮಗಳು ಬಂದಾಗಲೇ ಎಡವಟ್ಟಾದದ್ದು. "ನಮ್ಮಮ್ಮ ಹೇಗಿದಾಳೆ ಸಿಸ್ಟರ್?" ಎಂದು ಇಡೀ ವಾರ್ಡು ತಿರುಗಿ ನೋಡುವ ಹಾಗೆ ಕೇಳಿದ್ದಳು. ಹೇಳಬೇಕಾದದ್ದು ಬಹಳವಿತ್ತು. ಕಾರಣ ಸಿಗದ ನೋವೂ ನೋವೇ, ಇದು ಪೂರ್ತಿ ಹೋಗುವಂಥದ್ದಲ್ಲ, ಜೊತೆಗೊಬ್ಬರಿದ್ದರೆ ಒಂದಿಷ್ಟು ತಡೆದುಕೊಳ್ಳಬಹುದು. ಅದನ್ನೆಲ್ಲ ಕೂಗಿ ಹೇಳುವುದು ಹೇಗೆ? ಹಾಗಾದರೆ ನೀವೆಲ್ಲ ಇಲ್ಲೇನು ಮಾಡುತ್ತಿದ್ದೀರಿ ಎಂದು ತಿರುಗಿಬಿದ್ದರೆ? ನರ್ಸ್ ತಾಯಿಯ ಬಾಯಲ್ಲಿ ದಿನಾ ಕೇಳುತ್ತಿದ್ದ ಮಾತನ್ನೇ ಕೂಗಿಬಿಟ್ಟಳು: "ಪರವಾಗಿಲ್ಲ."

ಮಗಳ ಮುಖ ಅರಳಿತು. ಹೊರಡುವಾಗ ತಾಯಿಯ ಹೆಗಲು ಬಳಸಿ ತಬ್ಬಿಕೊಂಡಳು. ತಾಯಿಯ ಕಣ್ಣಲ್ಲಿ ನೀರು ಬಂದದ್ದು ಪ್ರೀತಿಗೆಂದುಕೊಂಡಳು.

ಊರಿಗೆ ಹೋದವಳು ನರ್ಸ್‌ಗೆ ಕಾಗದ ಬರೆದಳು. ಅಮ್ಮ ಪರವಾಗಿಲ್ಲ ಅಂದಿರಲ್ಲ, ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು ಇಟ್ಟಿದ್ದೇನೆ, ಯಾವಾಗ ಕಳಿಸುತ್ತೀರಿ? ಹುಷಾರಾಗಿದ್ದಾಳಲ್ಲ ಅಂತ ನಾನು ಮತ್ತೆ ರಜೆ ಕೇಳಲಿಲ್ಲ.

ಉತ್ತರ ಇವತ್ತು, ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು.

"ಎಂಥೆಂಥವರಿಗೋ ಸೂಜಿ ಚುಚ್ತೀಯ, ಒಂದು ಕಾಗದ ಬರೆಯೋಕೆ ನಡುಗ್ತೀಯಲ್ಲೇ," ಎಂದು ಹಿರಿಯ ನರ್ಸ್ ರೇಗಿಸಿದಳು.

"ಸೂಜಿ ಚುಚ್ಚಿದ್ರೆ ಯಾರೂ ಪ್ರಶ್ನೆ ಕೇಳಲ್ಲ ಅಕ್ಕ."

"ಕೇಳಲಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು. ಬಾಯೇನು ಸವೆದುಹೋಗುತ್ತಾ?"

ಸಂಜೆ, ನೋಡಲು ಬರುವವರ ಹೊತ್ತು. ಎಲ್ಲ ಮಂಚಗಳ ಸುತ್ತಲೂ ಮಾತು. ಹೊಲಿಗೆಯಮ್ಮ ತನ್ನ ಚೀಲವನ್ನು ಪಕ್ಕದ ಕುರ್ಚಿಯ ಮೇಲೆ ಇಡಿಸಿಕೊಂಡಿದ್ದಳು. ಕುರ್ಚಿ ಖಾಲಿ ಕಂಡರೆ ಯಾರಾದರೂ ಎಳೆದುಕೊಂಡು ಹೋಗುತ್ತಾರೆ.

"ಅದೇನಮ್ಮ, ಚೀಲಕ್ಕೆ ಕುರ್ಚಿ?" ಎಂದ ಎದುರು ಮಂಚದವಳ ಗಂಡ.

"ನನ್ನ ನೋಡೋಕೆ ಬಂದಿದೆ, ಕೂತ್ಕೊಳ್ಳಲಿ ಬಿಡಪ್ಪ."

ನರ್ಸ್ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ತಾನೇ ಕೂತಳು. "ಮಗಳಿಗೆ ಏನಂತ ಬರೀಲಿ?"

"ಪರವಾಗಿಲ್ಲ ಅಂತ ಬರಿ."

"ಯಾರಿಗೆ ಪರವಾಗಿಲ್ಲ?"

ಹೊಲಿಗೆಯಮ್ಮ ನರ್ಸ್ ಕಡೆಗೆ ಮುಖ ತಿರುಗಿಸಿದಳು. "ಅವಳ ಕೆಲಸಕ್ಕೆ ಕಲ್ಲು ಹಾಕಬಾರದು ಅಂತ ಹಾಗಂತೀನಿ. ಗುಣ ಆಗಿದೆ ಅಂತಲ್ಲ."

"ಹಾಗಾದ್ರೆ ಪರವಾ ಇದೆ ಅಂತ ಬರೀಲಾ?"

ಆಕೆಗೆ ನಗು ತಡೆಯಲಾಗಲಿಲ್ಲ. "ನಗಿಸಬೇಡ್ವೇ, ಹೆಗಲು ಎಳೆಯುತ್ತೆ." ನಗು ಇಳಿದ ಮೇಲೆ ಮೆಲ್ಲಗೆ ಹೇಳಿದಳು, "ಇದ್ದದ್ದು ಬರಿ. ಬಾ ಅಂತ ಮಾತ್ರ ಬರೀಬೇಡ. ಬಂದ್ರೆ ಅವಳಾಗೇ ಬರಲಿ."

ಪಾಳಿ ಮುಗಿದ ಮೇಲೆ ನರ್ಸ್ ಬಟ್ಟೆ ಬದಲಿಸುವ ಕೋಣೆಯಲ್ಲೇ ಕೂತು ಬರೆದಳು.

"ಅವತ್ತು ನಾನು ಪರವಾಗಿಲ್ಲ ಅಂದದ್ದು ತಪ್ಪು. ನಿಮಗೆ ಎದುರು ನಿಂತು ಹೇಳಲು ಧೈರ್ಯ ಸಾಲಲಿಲ್ಲ. ಅಮ್ಮನ ನೋವು ನಿಜ. ಕಾರಣ ನಮಗೆ ಇನ್ನೂ ಗೊತ್ತಿಲ್ಲ. ಮಿಷನ್ ಮುಂದೆ ಕೂತು ಹೊಲಿಯುವುದು ಇನ್ನು ಅವರಿಂದ ಆಗದು. ಅವರನ್ನು ತಬ್ಬಬೇಡಿ, ಬಲಗೈ ಹಿಡಿದುಕೊಂಡರೆ ಅವರಿಗೆ ಹಿತ. ನಿಮ್ಮ ಪ್ರಶ್ನೆಗಳನ್ನು ಬರೆದು ಕಳಿಸಿ, ಗೊತ್ತಿರುವುದಕ್ಕೆಲ್ಲ ಉತ್ತರ ಬರೆಯುತ್ತೇನೆ."

ಬಾ ಎಂದು ಎಲ್ಲಿಯೂ ಬರೆಯಲಿಲ್ಲ. ಪಕ್ಕದ ಕುರ್ಚಿಯನ್ನು ಯಾರೂ ಒಯ್ಯದಂತೆ ಅದರ ಮೇಲೆ ಅಮ್ಮನ ಚೀಲ ಇರುತ್ತದೆ ಎಂದಷ್ಟೇ ಕೊನೆಗೆ ಸೇರಿಸಿದಳು.

ಬೀದಿಯ ತುದಿಯ ಅಂಚೆ ಡಬ್ಬಿಯ ಹತ್ತಿರ ಯಾರೂ ಇರಲಿಲ್ಲ. ಕಾಗದ ಹಾಕಿ, ಒಳಗೆ ಬಿತ್ತೋ ಇಲ್ಲವೋ ಎಂದು ಡಬ್ಬಿಯ ಬಾಯಲ್ಲಿ ಬೆರಳಾಡಿಸಿ ನೋಡಿದಳು. ಬಿದ್ದಿತ್ತು.