ಗೆರೆ ಬಿದ್ದ ತೋಟೆ

"ಒಂದು ತೋಟೆ ಕಾಣ್ತಿಲ್ಲ," ಮೇಜಿನ ಮೇಲೆ ಹರಡಿದ್ದ ಖಾಲಿ ತೋಟೆಗಳನ್ನು ಎಡಗೈಯಿಂದ ತಡವುತ್ತ ಅಂದ ಅರ್ಲಿಸ್.

ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಥೋರಾ ತಿರುಗಿ ನೋಡಲಿಲ್ಲ. ಬೆಳಿಗ್ಗೆ ಶಾಲೆಯ ಬಸ್ಸು ಓಡಿಸಿ ಬಂದಿದ್ದಳು, ಸಂಜೆಗೆ ಮತ್ತೆ ಹೋಗಬೇಕು. ನಡುವೆ ಕುದುರೆಗಳಿಗೆ ಹುಲ್ಲು, ಒಲೆಗೆ ಸೌದೆ, ಇವನ ಮಾತ್ರೆ.

"ಎಲ್ಲೋ ಕೆಳಗೆ ಉರುಳಿರಬೇಕು, ನೋಡು."

"ಉರುಳಿಲ್ಲ. ಅದರ ಬುಡಕ್ಕೆ ಶಾಯಿಯ ಚುಕ್ಕೆ ಇಟ್ಟು, ನೀನು ತೆಗೀತೀಯಾ ನೋಡೋಣ ಅಂತಲೇ ಒಳ್ಳೇದರ ಡಬ್ಬಿಗೆ ಹಾಕಿದ್ದೆ. ಒಳಗೆ ಗೆರೆ ಬಿದ್ದಿದ್ದು ಅದು. ಈಗ ಇಲ್ಲ."

ಥೋರಾ ನಲ್ಲಿ ನಿಲ್ಲಿಸಿದಳು. ಅವಳು ಬುಡ ನೋಡಿರಲಿಲ್ಲ. ಹಿಂದಿನ ದಿನ ಅವನು ಮಲಗಿದ್ದಾಗ, ಎಂದಿನಂತೆ ಬಗ್ಗಿಸಿದ ತಂತಿಯೊಂದನ್ನು ತೋಟೆಗಳ ಒಳಗೆ ಇಳಿಸಿ, ಗೋಡೆಯುದ್ದಕ್ಕೂ ಎಳೆದು ನೋಡಿದ್ದಳು. ಒಂದರಲ್ಲಿ ಬುಡದ ಹತ್ತಿರ ತಂತಿ ತೊಡರಿತ್ತು; ಒಳಗೆ ಗೆರೆ ಬಿದ್ದಿದೆ, ಮತ್ತೆ ಮದ್ದು ತುಂಬಿದರೆ ಸೀಳುತ್ತದೆ ಅಂತ ಅರ್ಥ. ಅದನ್ನು ಒಯ್ದು ಕೊಟ್ಟಿಗೆಯ ಕಸದ ಡಬ್ಬಕ್ಕೆ ಹಾಕಿ ಬಂದಿದ್ದಳು.

ಅರ್ಲಿಸ್ ತನ್ನ ಕೋವಿಗೆ ಅಂಗಡಿಯ ತೋಟೆ ಹಾಕಿದವನೇ ಅಲ್ಲ. ಬೇಟೆಯ ಈಡು ಮುಗಿದ ಮೇಲೆ ಖಾಲಿ ಹಿತ್ತಾಳೆ ಕೊಳವೆಯನ್ನು ಹೆಕ್ಕಿ ತಂದು, ತೊಳೆದು, ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದು ಸುರಿದು, ಗುಂಡು ಒತ್ತಿ ತಾನೇ ಮಾಡಿಕೊಳ್ಳುವವನು. ಮೊಂಟಾನಾದ ಆ ಕಣಿವೆಯ ಗಂಡಸರೆಲ್ಲ ತಮ್ಮ ತೋಟೆಗಳನ್ನು ಅವನ ಮುಂದೆ ಸುರಿದು, "ಇದರಲ್ಲಿ ಯಾವುದು ತಡೀತದೆ, ಯಾವುದು ಸೀಳ್ತದೆ ಹೇಳಪ್ಪ" ಎಂದು ಕೇಳುತ್ತಿದ್ದ ಕಾಲವಿತ್ತು. ಲಕ್ವ ಹೊಡೆದ ಮೇಲೆ ಬಲಗೈ ಹೋಯಿತು, ಕಣ್ಣು ಅರ್ಧಕ್ಕರ್ಧ ಮಂಜಾಯಿತು. ಕೋವಿ ಥೋರಾಳ ಕೈಗೆ ಬಂತು. ತೋಟೆ ಆರಿಸುವುದೊಂದು ಅವನ ಬಳಿ ಉಳಿದಿತ್ತು.

"ಯಾವತ್ತಿಂದ ನೋಡ್ತಿದೀಯ, ನನ್ನ ಬೆನ್ನ ಹಿಂದೆ?"

"ಬಿಡು ಅರ್ಲಿಸ್."

"ಕೇಳಿದ್ದಕ್ಕೆ ಹೇಳೇ."

ಅವಳು ಕೈ ಒರೆಸಿಕೊಂಡು ಎದುರಿನ ಕುರ್ಚಿಯಲ್ಲಿ ಕೂತಳು. ಕೂತ ಮೇಲೆ ಮತ್ತೆ ಏಳಲಾರೆ ಅನ್ನಿಸಿತು. ಸುಳ್ಳು ಕಟ್ಟುವುದಕ್ಕೂ ಒಂದಿಷ್ಟು ತ್ರಾಣ ಬೇಕು, ಅದು ಅವಳಲ್ಲಿರಲಿಲ್ಲ.

"ಹೋದ ವರ್ಷ ಹಳ್ಳದಾಚೆ ಹೆಣ್ಣು ಎಲ್ಕ್ ಜಿಂಕೆಗೆ ಗುರಿ ತಪ್ಪಿತು ಅಂದಿದ್ನಲ್ಲ, ತಪ್ಪಿರ್ಲಿಲ್ಲ. ತೋಟೆ ಬುಡದ ಹತ್ರ ಕಿತ್ಕೊಂಡು ಬಂತು. ಹೊಗೆ ಮುಖಕ್ಕೇ ಹೊಡೀತು. ಮೇಲಿನರ್ಧ ಕೋವಿ ಒಳಗೇ ಸಿಕ್ಕಿತ್ತು. ಲೊವೆಲ್‌ನ ಕೋವಿ ಅಂಗಡೀಲಿ ತೆಗೆಸ್ಕೊಂಡು ಬಂದೆ."

ಅರ್ಲಿಸನ ಎಡಗೈ ಮೇಜಿನ ಮೇಲಿದ್ದ ತೋಟೆಯೊಂದನ್ನು ಹಿಡಿದಿತ್ತು. ಅದನ್ನು ಮೆಲ್ಲಗೆ ನಿಲ್ಲಿಸಿದ.

"ನಾನು ಒಳ್ಳೇದು ಅಂತ ಆರಿಸಿದ್ದಾ?"

"ಹ್ಞೂಂ."

"ಕಣ್ಣಿಗೆ?"

"ಕನ್ನಡಕ ಇತ್ತು."

ಅವನು ಡಬ್ಬಿಯನ್ನು ಅವಳ ಕಡೆಗೆ ತಳ್ಳಿದ. "ಇನ್ಮೇಲೆ ನೀನೇ ಆರಿಸು. ಹೆಂಗೂ ಆರಿಸ್ತಾನೇ ಇದೀಯ."

ಅವನು ಸೋತು ಹೇಳಿದ ಮಾತು ಅದು. ಅವಳಿಗೆ ಅಷ್ಟು ಗೊತ್ತಾಗುತ್ತಿತ್ತು. ಆದರೂ ಡಬ್ಬಿಯನ್ನು ವಾಪಸು ತಳ್ಳಿದಳು.

"ನನಗೆ ಬೇಡ. ಸೌದೆ ನಂದು, ಕುದುರೆ ನಂದು, ಬಸ್ಸು ನಂದು, ಈಡೂ ನಂದು. ಈಗ ಇದೂ ನಂದೇನಾ? ನನಗೆ ಸಾಕಾಗಿದೆ ಮಾರಾಯ. ನಿನಗೆ ಕೇಳ್ಸತ್ತಾ? ಸಾಕಾಗಿ ಹೋಗಿದೆ!"

ಇಷ್ಟು ವರ್ಷಗಳಲ್ಲಿ ಅವಳು ಆ ಮಾತು ಆಡಿರಲಿಲ್ಲ. ಅಂದ ಮೇಲೆ ಅತ್ತರೆ ಹಗುರಾಗಬಹುದು ಅಂದುಕೊಂಡಳು; ಅಳುವೂ ಬರಲಿಲ್ಲ. ಅರ್ಲಿಸ್ ಮೇಜು ಹಿಡಿದು ಎದ್ದ. ಗೂಟದಿಂದ ಕೋಟು ಎಳೆದುಕೊಂಡ. ಒಂದು ತೋಳು ಸೇರಿತು, ಇನ್ನೊಂದು ಸೇರಲಿಲ್ಲ.

"ಎಲ್ಲಿಗೆ?"

"ಲೊವೆಲ್ ಹತ್ರ. ಹೊಸ ಹಿತ್ತಾಳೆ ತರೋಣ. ಹೊಸದರಲ್ಲಿ ಗೆರೆ ಹುಡುಕೋ ಕೆಲಸ ಇರಲ್ಲ. ನಿಂಗೂ ಇಲ್ಲ, ನಂಗೂ ಇಲ್ಲ."

ಅವಳು ಎದ್ದು ಹೋಗಿ ಇನ್ನೊಂದು ತೋಳು ಸೇರಿಸಿದಳು.

ಲೊವೆಲ್ ಅವನನ್ನು ಕಂಡಿದ್ದೇ, "ಏನ್ ಯಜಮಾನ್ರೇ, ಕೊನೆಗೂ ನನ್ನಂಗಡಿ ತೋಟೆ ರುಚಿ ನೋಡೋಕೆ ಬಂದ್ರಾ?" ಅಂದ.

"ನಿನ್ನ ತೋಟೆ ಹಾಕಿದ್ರೆ ಎಲ್ಕು ನಕ್ಕೊಂಡು ಹೋಗ್ತವೆ. ಖಾಲಿ ಹಿತ್ತಾಳೆ ತೋರಿಸಯ್ಯ."

ಲೊವೆಲ್ ಎರಡು ಬಗೆ ತಂದಿಟ್ಟ. ಒಂದು ಪ್ಲಾಸ್ಟಿಕ್ ಚೀಲದಲ್ಲಿತ್ತು, ಇನ್ನೊಂದು ಗಟ್ಟಿ ಡಬ್ಬಿಯಲ್ಲಿ. ಅರ್ಲಿಸ್ ಚೀಲದಿಂದ ಒಂದನ್ನು ತೆಗೆದು ಬಾಯಂಚನ್ನು ಹೆಬ್ಬೆರಳಲ್ಲಿ ಸವರಿದ. ಮತ್ತೊಂದು, ಮಗದೊಂದು. ಒಂದರ ಬಾಯಿ ನಗ್ಗಿತ್ತು, ಒಂದರ ಅಂಚು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕೇಪು ಕೂರುವ ಕುಳಿಯೊಳಗಿನ ತೂತಿಗೆ ಉಗುರು ಹಾಕಿ, "ಅಂಚಲ್ಲಿ ಕೊರೆದ ಚೂರು ಹಾಗೇ ನಿಂತಿದೆ ನೋಡು," ಅಂದ. ಆಮೇಲೆ ಡಬ್ಬಿಯದನ್ನು ಮುಟ್ಟಿದ. ಮುಟ್ಟುತ್ತಲೇ ಅವನ ಮುಖ ಬದಲಾಯಿತು. ಒಂದನ್ನು ಅಂಗೈಯಲ್ಲಿ ತೂಗಿ, ಕೆಳಗಿಟ್ಟು, ಇನ್ನೊಂದನ್ನು ತೂಗಿದ. ಯಾವುದಕ್ಕೂ ಏನೂ ಅನ್ನಲಿಲ್ಲ. ಅವನು ಏನೂ ಅನ್ನದಿದ್ದರೆ ಮೆಚ್ಚಿದ ಅಂತಲೇ.

"ಅದು ಅಪ್ಪಟ ಚಿನ್ನ ಇದ್ದಂಗೆ," ಅಂದ ಲೊವೆಲ್. "ಮದ್ದು ಹದವಾಗಿ ಹಾಕ್ಕೊಂಡ್ರೆ ಹತ್ತು ಹನ್ನೆರಡು ಸಲಕ್ಕೆ ಏನೂ ಆಗಲ್ಲ. ನಿಮ್ಮಂಗೆ ವರ್ಷಕ್ಕೊಂದು ಸಲ ತುಂಬ್ಸೋರಿಗಂತೂ..."

"ಹನ್ನೆರಡು ವರ್ಷವಾ?" ಅರ್ಲಿಸ್ ನಕ್ಕ. "ಅಲ್ಲೀವರೆಗೆ ಯಾರಿರ್ತಾರಪ್ಪ? ಈ ಚೀಲದ್ದೇ ಕೊಡು. ಮೂರು ನಾಲ್ಕು ಸಲ ಬಂದ್ರೆ ಹೆಚ್ಚಾಯ್ತು ನಂಗೆ."

ಲೊವೆಲ್ ಚೀಲದ ಬಾಯಿ ಕಟ್ಟತೊಡಗಿದ.

"ನಾನಿರ್ತೀನಲ್ಲ," ಅಂದಳು ಥೋರಾ.

ಅವಳು ಯೋಚಿಸಿ ಅಂದದ್ದಲ್ಲ. ಲೆಕ್ಕ ಸರಿಪಡಿಸುವವಳ ಹಾಗೆ ಬಾಯಿಗೆ ಬಂದುಬಿಟ್ಟಿತು. ಅಂದ ಮೇಲೆ ಅದು ಮೂವರ ನಡುವೆ ಹಾಗೇ ನಿಂತಿತು. ಅವಳ ಕಿವಿ ಬಿಸಿಯಾಯಿತು. ಅವನಿಲ್ಲದ ಮೇಲೂ ಅಂದಂತಾಗಿತ್ತು.

ಅರ್ಲಿಸ್ ಅವಳತ್ತ ನೋಡಿದ. ಮಂಜಾದ ಕಣ್ಣು, ಎಷ್ಟು ಕಂಡಿತೋ. ಮೆಲ್ಲಗೆ ಎಡಗೈಯಿಂದ ಗಟ್ಟಿ ಡಬ್ಬಿಯನ್ನು ಲೊವೆಲ್ ಮುಂದೆ ತಳ್ಳಿದ.

"ಕೇಳ್ತಲ್ಲ? ಅವಳಿರ್ತಾಳಂತೆ. ಇದನ್ನೇ ಕಟ್ಟು."

ಹೊರಗೆ ಹಿಮ ಶುರುವಾಗಿತ್ತು. ಗಾಡಿಯಲ್ಲಿ ಕೂತ ಮೇಲೆ ಥೋರಾ ಕೀಲಿ ಹಾಕಿದಳೇ ಹೊರತು ತಿರುಗಿಸಲಿಲ್ಲ. ಸ್ಟಿಯರಿಂಗ್ ಚಕ್ರದ ಮೇಲೆ ಎರಡೂ ಕೈ ಇಟ್ಟು ಕೂತಳು. ಬೈದರೆ ಬೈಯಲಿ ಅಂದುಕೊಂಡಳು.

"ಆವತ್ತು ಎಲ್ಲಿಗೆ ತಗುಲಿತ್ತು, ಹೊಗೆ?" ಅಂತ ಕೇಳಿದ ಅರ್ಲಿಸ್.

"ಇಲ್ಲಿ. ಕನ್ನಡಕದ ಕೆಳಗೆ."

ಅವನು ಎಡಗೈ ಚಾಚಿದ. ದೂರ ತಿಳಿಯದೆ ಬೆರಳು ಮೊದಲು ಅವಳ ಕಿವಿಗೆ ಬಡಿಯಿತು. ಅವಳು ಆ ಕೈ ಹಿಡಿದು ಕೆನ್ನೆಯ ಮೇಲೆ, ಸರಿಯಾದ ಜಾಗದಲ್ಲಿ ಇಟ್ಟಳು. ಬೆರಳು ತಣ್ಣಗಿತ್ತು. ಹೊಸ ಹಿತ್ತಾಳೆಯ ವಾಸನೆ. ಗಾಜಿನ ಮೇಲೆ ಹಿಮ ಕೂರುತ್ತಾ ಕೂರುತ್ತಾ ಮೊದಲು ರಸ್ತೆ ಮಸುಕಾಯಿತು, ಆಮೇಲೆ ಲೊವೆಲ್‌ನ ಅಂಗಡಿ. ಒಳಗೆಲ್ಲ ಬೆಳ್ಳಗಿನ ಬೆಳಕು ತುಂಬಿತು. ಅವಳು ಕಣ್ಣು ಮುಚ್ಚಿಕೊಂಡಳು.