ಎರಡು ಸುತ್ತು

ಮೂರು ಗಂಟೆಗೆ ಗಿರಣಿ ಮತ್ತೆ ಶುರುವಾಯಿತು. ಕೂಸು ಏಳಲಿಲ್ಲ.

ಗುರುಶಾಂತವ್ವ ತೊಟ್ಟಿಲ ಹಗ್ಗ ಹಿಡಿದು ನಿಂತಳು. ದಿನವೂ ಊಟದ ಬಿಡುವು ಮುಗಿದು ಎಂಜಿನ್ನಿನ ಮೊದಲ ಹೊಡೆತ ಬಿದ್ದಾಗ ಗೋಡೆಯ ಕನ್ನಡಿ ನಡುಗುತ್ತಿತ್ತು. ಅದರ ಹಿಂದೆಯೇ ಪರಮೇಶಿ ಎರಡೂ ಕೈ ಮೇಲಕ್ಕೆತ್ತಿ, ಬೆಚ್ಚಿ ಎದ್ದು, ಓಣಿಗೆಲ್ಲ ಕೇಳುವಂತೆ ಅಳುತ್ತಿದ್ದ. ಗಿರಣಿ ನಡೆದ ದಿನ ಒಮ್ಮೆಯೂ ಇದು ತಪ್ಪಿದ್ದಿಲ್ಲ. ಇಂದು ಕನ್ನಡಿ ನಡುಗಿತು. ಕೂಸಿನ ಅಂಗೈ ಬಿಚ್ಚಿದ್ದು ಬಿಚ್ಚಿದಂತೆಯೇ ಇತ್ತು.

"ಪರಮೇಶೀ," ಎಂದಳು. ಕೆನ್ನೆ ತಟ್ಟಿದಳು. ಅಂಗಾಲು ಚಿವುಟಿದಳು. ಉಸಿರಿತ್ತು, ಆದರೆ ಒಂದು ಉಸಿರು ಹೋಗಿ ಇನ್ನೊಂದು ಬರುವಷ್ಟರಲ್ಲಿ ಅವಳ ಎದೆ ನಾಲ್ಕು ಸಲ ಹೊಡೆದುಕೊಳ್ಳುತ್ತಿತ್ತು. ಅಡುಗೆಮನೆಯ ಗೂಡಿನಲ್ಲಿ, ಸಕ್ಕರೆ ಡಬ್ಬಿಯ ಹಿಂದೆ, ತಾನು ಮಡಚಿಟ್ಟ ಕಾಗದದ ಚೂರು ಅವಳ ಕಣ್ಣಿಗೆ ಕಟ್ಟಿತು.

ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯಲ್ಲಿದ್ದ ಆ ಅಕ್ಕಿ ಗಿರಣಿಯೂ ಅದಕ್ಕೆ ಬೆನ್ನು ಹಚ್ಚಿದ ಮನೆಯೂ ಅವಳ ಗಂಡ ಶಂಕ್ರಪ್ಪನವು. ಗುರುಶಾಂತವ್ವ ಹೆಣ್ಣುಮಕ್ಕಳ ಶಾಲೆಯಲ್ಲಿ ಐದು ವರ್ಷ ಕಲಿಸಿದವಳು. ಮುಂಬಯಿ ಸರಕಾರ ಕೊಟ್ಟ ನೌಕರಿಗೆ ಮೈಸೂರು ಸರಕಾರದ ಹೆಸರಿನಲ್ಲಿ ರಾಜೀನಾಮೆ ಬರೆದಾಗ ಯಾರೂ ಅವಳನ್ನು ಒತ್ತಾಯಿಸಿರಲಿಲ್ಲ. ತಂದೆಯಿಲ್ಲದ ಮನೆ ಅವಳದು. ತಾಯಿ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಹೋದರೆ ಮಗಳು ನೆರೆಮನೆಯ ಕಟ್ಟೆಯ ಮೇಲೆ ಸಂಜೆಯವರೆಗೆ ದಾರಿ ಕಾಯುತ್ತಿದ್ದಳು. ತನ್ನ ಮಗು ಯಾರ ಕಟ್ಟೆಯ ಮೇಲೂ ಕೂರಬಾರದೆಂದು ಅವಳು ಆಗಲೇ ನಿಶ್ಚಯಿಸಿಬಿಟ್ಟಿದ್ದಳು. "ನಿಮಗೆ ನಡೀತದೆ ಬಿಡಿ," ಎಂದು ಶಾಲೆಯ ಹೆಡ್‌ಬಾಯಿಯವರು ರಾಜೀನಾಮೆಯನ್ನು ಮಡಚಿ ಒಳಗಿಟ್ಟಿದ್ದರು. ಕೂಸನ್ನು ನೋಡಲು ಒಬ್ಬ ಆಳನ್ನು ಇಡೋಣವೆಂದು ಅತ್ತೆ ಪಾರ್ವತವ್ವ ಅಂದಾಗಲೂ ಅವಳು ಒಪ್ಪಲಿಲ್ಲ. "ನನ್ನ ಕೂಸು ನಾನಽ ನೋಡ್ಕೋತೀನಿ, ಅತ್ತೀ." ಅತ್ತೆ ಆ ಮಾತನ್ನು ಬಂದವರಿಗೆಲ್ಲ ಹೇಳಿ ಹಿಗ್ಗಿದ್ದರು.

ಆದ್ದರಿಂದಲೇ, ಹಲ್ಲು ಬರುವ ಕಾಲಕ್ಕೆ ಕೂಸು ಹಗಲಿರುಳು ಅಳತೊಡಗಿದಾಗ, ನಿದ್ದೆಯಿಲ್ಲದೆ ಗೋಡೆ ಹಿಡಿದು ನಡೆಯುವಂತಾದಾಗ, ಯಾರಿಗೆ ಹೇಳಬೇಕೆಂದು ತಿಳಿಯಲಿಲ್ಲ. ತಾನೇ ಬೇಡಿ ಪಡೆದದ್ದರ ಬಗ್ಗೆ ದೂರುವುದು ಹೇಗೆ?

ಗಿರಣಿಯ ಅಂಗಳದಲ್ಲಿ ಬೇಯಿಸಿದ ಭತ್ತ ಹರವಿ, ಕಾಲಿನಿಂದ ತಿರುವಿ ಒಣಗಿಸುವ ಹೆಂಗಸರಲ್ಲಿ ಮಂಜಿ ಒಬ್ಬಳು. ಬೆಳಿಗ್ಗೆ ಮನೆಯ ಪಾತ್ರೆ ತಿಕ್ಕಲೂ ಅವಳೇ ಬರುತ್ತಿದ್ದಳು. ಅವಳ ಕೂಸು ದೇವಿಗೂ ಪರಮೇಶಿಯಂತೆ ಏಳೇ ತಿಂಗಳು. ಹೊಟ್ಟಿನ ಕೋಣೆಯ ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ, ಎಂಜಿನ್ನಿನ ಮಗ್ಗುಲಲ್ಲೇ, ಅದು ಬೆಳಗಿನಿಂದ ಸಂಜೆವರೆಗೆ ಮಿಸುಕದೆ ಮಲಗುತ್ತಿತ್ತು. ನಾಲ್ಕು ದಿನದ ಹಿಂದೆ ಗುರುಶಾಂತವ್ವ ಅದರ ಗುಟ್ಟು ಕೇಳಿದ್ದಳು. ಮಂಜಿ ಬಹಳ ಹೊತ್ತು ಬೋಗುಣಿಯನ್ನೇ ತಿಕ್ಕಿದಳು.

"ಸಂತೇಲಿ ಕಪ್ಪು ಗುಳಿಗೆ ಸಿಗ್ತದ್ರಾ. ಅಫೀಮು. ಬಜೆ ಜೊತಿಗೆ ಎರಡು ಸುತ್ತು ತೇಯ್ದು ನೆಕ್ಕಿಸೂದು."

"ನನಗೂ ಒಂದು ಕೊಡು."

"ಬ್ಯಾಡ್ರಾ ಅಕ್ಕೋರೆ." ಶಾಲೆ ಬಿಟ್ಟು ವರ್ಷವಾದರೂ ಮಂಜಿಯ ಬಾಯಲ್ಲಿ ಅವಳಿನ್ನೂ ಅಕ್ಕೋರೇ. "ನಂದಾದ್ರೆ ಕೆಲಸಕ್ಕೆ ಬರೂಕಾಗ್ಬೇಕು. ನಿಮಗೆಂತಕ್ಕೆ? ನೀವು ಮನೀಲೇ ಇರ್ತ್ರಲಾ."

ಆ ಮಾತು ಚುಚ್ಚಿತೋ, ನಿದ್ದೆಗೆಟ್ಟ ತಲೆಗೆ ಇನ್ನೊಂದು ದಾರಿ ಕಾಣಲಿಲ್ಲವೋ, ಅವಳು ಬಿಡಲಿಲ್ಲ. ಇಂದು ಬೆಳಿಗ್ಗೆ ಮಂಜಿ ಕಾಗದದಲ್ಲಿ ಸುತ್ತಿದ ಒಂದು ಗುಳಿಗೆ ತಂದುಕೊಟ್ಟಳು. "ಎರಡೇ ಸುತ್ತು," ಎಂದು ಬೆರಳೆತ್ತಿ ತೋರಿಸಿದಳು. ಮಧ್ಯಾಹ್ನ ಎಂಜಿನ್ನು ನಿಂತ ಮೇಲೆ ಗುರುಶಾಂತವ್ವ ಸಾಣೆಕಲ್ಲಿನ ಮೇಲೆ ಎಣಿಸಿ ಎರಡೇ ಸುತ್ತು ತೇಯ್ದು, ಎದೆಹಾಲಿನಲ್ಲಿ ಕಲಸಿ, ಕೂಸಿನ ನಾಲಿಗೆಗೆ ಸವರಿದ್ದಳು. ಎಷ್ಟೋ ದಿನಗಳ ಮೇಲೆ ಒಂದೂವರೆ ಗಂಟೆ ಸತ್ತಂತೆ ನಿದ್ದೆ ಮಾಡಿದ್ದಳು.

"ಅತ್ತೀ!" ಎಂದು ಈಗ ಕೂಗಿದ ದನಿ ಅವಳದೇ ಎಂದು ಅವಳಿಗೆ ಅನ್ನಿಸಲಿಲ್ಲ.

ಶಂಕ್ರಪ್ಪ ಕಾರು ಕಳಿಸಿ ಡಾಕ್ಟರನ್ನು ಕರೆಸಿದ. ಡಾಕ್ಟರು ಕೂಸಿನ ರೆಪ್ಪೆ ಎತ್ತಿ ನೋಡಿದರು. ಕಣ್ಣಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ಬೆನ್ನು ನೆಟ್ಟಗೆ ಮಾಡಿಕೊಂಡು ಎಲ್ಲರನ್ನೂ ಒಮ್ಮೆ ನೋಡಿದರು.

"ಏನು ಕೊಟ್ಟಿದ್ದೀರಿ? ಮುಚ್ಚಿಟ್ಟರೆ ಮಗು ಉಳಿಯೋದಿಲ್ಲ."

ಗೋಡೆಯಾಚೆ ಎಂಜಿನ್ನು ಹೊಡೆದುಕೊಳ್ಳುತ್ತಲೇ ಇತ್ತು.

"ಅಫೀಮು," ಎಂದಳು ಗುರುಶಾಂತವ್ವ. ಗಂಡನ ಮುಖ ತನ್ನ ಕಡೆ ತಿರುಗಿತು. "ಅಫೀಮು ಇರಬಹುದು."

ಡಾಕ್ಟರಿಗೆ ಅಷ್ಟು ಸಾಕಾಯಿತು. ಪಾರ್ವತವ್ವನಿಗೂ ಅಷ್ಟೇ ಸಾಕಾಯಿತು.

"ನಮ್ಮ ಮನ್ಯಾಗ ಅಫೀಮು ಎಲ್ಲಿಂದ ಬರಬೇಕು?" ಎನ್ನುತ್ತ ಅವರು ಹಿತ್ತಿಲ ಬಾಗಿಲ ಕಡೆ ನೋಡಿದರು. "ಆ ಮಂಜಿ ಕೂಸು ಹಗಲೆಲ್ಲಾ ಹೆಂಗ ಮಲಗತೈತಿ ಅಂತ ನನಗ ಆವತ್ತಽ ಸಂಶೆ ಇತ್ತು. ಮುಂಜಾನಿ ಇಲ್ಲೆ ಸುಳಿದಾಡಿ ಹೋದಳಲ್ಲ."

ಇಲ್ಲ ಎನ್ನಬೇಕಿತ್ತು. ಗುರುಶಾಂತವ್ವ ಕೂಸಿನ ಅಂಗಾಲು ತಟ್ಟುತ್ತಿದ್ದಳು. ಡಾಕ್ಟರು ಹೊಟ್ಟೆ ತೊಳೆಸಿದರು, ಸೂಜಿ ಚುಚ್ಚಿದರು, ತಟ್ಟುವುದನ್ನು ನಿಲ್ಲಿಸಬೇಡಿ ಎಂದರು. ಅವಳು ನಿಲ್ಲಿಸಲಿಲ್ಲ, ಬಾಯಿ ತೆರೆಯಲೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಪರಮೇಶಿ ಮುಖ ಕಿವಿಚಿ, ಒಡಕು ದನಿಯಲ್ಲಿ, ಅತ್ತ. ಪಾರ್ವತವ್ವ ಅಲ್ಲೇ ಕುಸಿದು ಕುಳಿತು ಶಿವ ಶಿವಾ ಎಂದರು.

ಮರುದಿನ ಬೆಳಿಗ್ಗೆ ಮಂಜಿ ಹಿತ್ತಿಲಿಗೆ ಬಂದಾಗ ಹಿಂದಿನ ಪಡಸಾಲೆಯಲ್ಲಿ ಮನೆಯ ಮೂವರೂ ಇದ್ದರು.

"ನಿಂದೂ ನಿನ್ನ ಗಂಡಂದೂ ಕೆಲಸ ಮುಗೀತು," ಎಂದ ಶಂಕ್ರಪ್ಪ. ಮಂಜಿಯ ಗಂಡ ರಾಮ ಗಿರಣಿಯಲ್ಲೇ ಹಮಾಲ. "ಸಂಜಿಯೊಳಗ ಬಿಡಾರ ಖಾಲಿ ಆಗಬೇಕು. ಪೋಲೀಸರಿಗೆ ಕೊಟ್ಟಿಲ್ಲ ಅನ್ನೋದಽ ನಿನ್ನ ಪುಣ್ಯ."

"ಎಂತ ಆಯ್ತ್ರಾ?"

"ಎಂತ ಆಯ್ತಂತ," ಎಂದು ಪಾರ್ವತವ್ವ ಅಣಕಿಸಿದರು. "ಹೆತ್ತ ಕೂಸಿಗೆ ಇಸಾ ಹಾಕೋ ಕೈ, ನಮ್ಮ ಕೂಸಿಗೆ ಬಿಡತೈತೇನು?"

ಮಂಜಿ ಗುರುಶಾಂತವ್ವನನ್ನು ನೋಡಿದಳು. ಒಂದೇ ಸಲ ನೋಡಿ, ಕಣ್ಣು ನೆಲಕ್ಕೆ ಇಳಿಸಿದಳು. ಆ ಕಣ್ಣು ಇನ್ನೊಂದು ಗಳಿಗೆ ನಿಂತಿದ್ದರೆ ಸುಮ್ಮನಿರಲು ಆಗುತ್ತಿತ್ತೇನೋ. ಇಳಿದದ್ದನ್ನು ಕಂಡ ಮೇಲೆ ಆಗಲಿಲ್ಲ.

"ಕೊಟ್ಟಾಕಿ ನಾನು," ಎಂದಳು ಗುರುಶಾಂತವ್ವ. "ಮಂಜಿ ಬ್ಯಾಡಂದಳು. ನಾನಽ ಕಾಡಿ ಇಸ್ಕೊಂಡೆ. ನಿನ್ನೆ ಮಧ್ಯಾಹ್ನ ನಾನಽ ತೇಯ್ದು ಹಾಕಿದೆ."

ಶಂಕ್ರಪ್ಪ ತಾಯಿಯ ಮುಖ ನೋಡಿದ. ಪಾರ್ವತವ್ವ ತೊಡೆಯ ಮೇಲಿದ್ದ ಮೊಮ್ಮಗನ ಕುಲಾವಿ ಸರಿಮಾಡಿದರು.

"ನಾಕು ದಿನ ನಿದ್ದಿಲ್ಲ ಇಕೀಗೆ. ಏನೇನೋ ಅಂತಾಳ," ಎಂದರು ಮಗನಿಗೆ. ಆಮೇಲೆ ಸೊಸೆಗೆ, ದನಿ ತಗ್ಗಿಸಿ: "ನೌಕರಿ ಬಿಟ್ಟು ಕೂಸು ನೋಡಾಕಿ ಅಂತ ಊರಿಗೆಲ್ಲಾ ಹೇಳೀನಿ ನಾನು. ಆ ಮಾತು ಈ ಮನ್ಯಾಗ ಇನ್ನೊಮ್ಮೆ ಆಡಬ್ಯಾಡ. ಒಳಗ ಹೋಗು."

"ಅತ್ತೀ, ನಾ ಖರೇ ಹೇಳಾಕತ್ತೀನಿ."

"ಖರೇ ಅನ್ನೋದು ನನಗೂ ಗೊತ್ತೈತಿ," ಎಂದರು ಪಾರ್ವತವ್ವ. "ಒಳಗ ಹೋಗು."

ಮಂಜಿ ಆಗಲೇ ಹಿತ್ತಿಲು ದಾಟಿ ಹೋಗಿದ್ದಳು.

ಮಧ್ಯಾಹ್ನ ಎಂಜಿನ್ನು ನಿಂತಿತು. ಅತ್ತೆಗೆ ಜೊಂಪು ಹತ್ತಿದ ಹೊತ್ತಿನಲ್ಲಿ ಗುರುಶಾಂತವ್ವ ಕೂಸನ್ನು ಬಗಲಿಗೆ ಎತ್ತಿಕೊಂಡು ಹಿತ್ತಿಲ ಬಾಗಿಲು ತೆರೆದಳು. ಸೊಸೆಯಾಗಿ ಬಂದ ಮೇಲೆ ಗಿರಣಿಯ ಅಂಗಳಕ್ಕೆ ಅವಳು ಕಾಲಿಟ್ಟದ್ದು ಅದೇ ಮೊದಲು. ಕಾದ ಭತ್ತ ಪಾದಕ್ಕೆ ಚುಚ್ಚಿತು. ನೆರಳಿನಲ್ಲಿ ಕುಳಿತು ಬುತ್ತಿ ಉಣ್ಣುತ್ತಿದ್ದ ಹೆಂಗಸರು ತುತ್ತು ಹಿಡಿದೇ ನೋಡಿದರು.

ಹೊಟ್ಟಿನ ಕೋಣೆಯ ಹಿಂದಿನ ಬಿಡಾರದ ಬಾಗಿಲಲ್ಲಿ ಮಂಜಿ ಗಂಟು ಕಟ್ಟುತ್ತಿದ್ದಳು. ದೇವಿ ಅವಳ ಸೊಂಟದ ಮೇಲಿತ್ತು, ಕಣ್ಣು ಬಿಟ್ಟುಕೊಂಡು.

"ತಮ್ಮ ಹೆಂಗಿದ್ದ?" ಎಂದಳು ಪರಮೇಶಿಯ ಕಡೆ ನೋಡಿ.

"ಎದ್ದಾನ. ಹಾಲು ಕುಡದಾನ."

"ಅಷ್ಟಾದ್ರೆ ಸಾಕ್ರಾ. ನಮ್ಮನೇರು ಗಾಡಿ ತರೂಕೆ ಹೋಗಿದ್ರು. ಕಿರವತ್ತೀಲಿ ನಮ್ಮ ಭಾವ ಇದ್ದ, ಕಾಡಿನ ಕೆಲಸಕ್ಕೆ. ಅಲ್ಲಿಗೇ ಹೋಗೂದು."

"ನಾ ಬಾಯಿ ಬಿಡೂದಕ್ಕ ಮೊದಲಽ ನೀ ಯಾಕ ಹೇಳಲಿಲ್ಲ, ಮಂಜಿ?"

"ಯಾರು ನಂಬ್ತಿದ್ರು?" ಮಂಜಿ ಗಂಟಿನ ತುದಿಯನ್ನು ಹಲ್ಲಿನಿಂದ ಎಳೆದಳು. "ನೀವೇ ಹೇಳಿದ್ರಿ. ಎಂತ ಆಯ್ತು?"

ಆಮೇಲೆ, ಬೆಳಗಿನಿಂದ ಅದೊಂದನ್ನೇ ಯೋಚಿಸುತ್ತಿದ್ದವಳಂತೆ ಕೇಳಿದಳು: "ಎಷ್ಟು ಸುತ್ತು ತೇಯ್ದ್ರಿ?"

"ಎರಡಽ. ನೀ ಹೇಳಿದಷ್ಟ. ಎಣಿಸೀನಿ."

"ಯಾವ ಕಲ್ಲಲ್ಲಿ?"

"ನಮ್ಮನ್ಯಾಗಿಂದು. ಹೊಸಾದು."

ಮಂಜಿಯ ಕೈ ನಿಂತಿತು. ಅವಳು ಕಟ್ಟಿದ ಗಂಟನ್ನೇ ಬಿಚ್ಚಿ, ಬಟ್ಟೆಯ ನಡುವಿನಿಂದ ಒಂದು ಸಾಣೆಕಲ್ಲು ಹೊರಗೆ ತೆಗೆದಳು. ಗುರುಶಾಂತವ್ವನಿಗೆ ಗುರುತು ಸಿಕ್ಕಿತು. ಪರಮೇಶಿಯ ತೊಟ್ಟಿಲ ಶಾಸ್ತ್ರದ ದಿನ, ಮೊದಲ ಮೊಮ್ಮಗನಿಗೆ ಹಳೆಯ ಕಲ್ಲು ಏಕೆಂದು ಪಾರ್ವತವ್ವ ಹಾಲು ಕುಡಿಸುವ ಬೆಳ್ಳಿಯ ಒಳಲೆಯ ಜೊತೆಗೆ ಹೊಸ ಕಲ್ಲು ತರಿಸಿ, ಶಂಕ್ರಪ್ಪನ ಕಾಲದ ಈ ಕಲ್ಲನ್ನು ಮಂಜಿಯ ಬುಟ್ಟಿಗೆ ಹಾಕಿದ್ದರು.

ಮಂಜಿ ಅವಳ ಕೈ ಹಿಡಿದು ಬೆರಳುಗಳನ್ನು ಕಲ್ಲಿನ ಮೇಲೆ ಇಟ್ಟಳು. ನಡುವೆ ತಗ್ಗು ಬಿದ್ದು ಕಲ್ಲು ಎಣ್ಣೆ ಸವರಿದ ಹಾಗೆ ನುಣುಪಾಗಿತ್ತು. ಬೆರಳು ನಿಲ್ಲದೆ ಜಾರಿತು. ಮನೆಯ ಹೊಸ ಕಲ್ಲು ಬೆಕ್ಕಿನ ನಾಲಿಗೆಯಂತೆ ಒರಟು. ಎರಡನೆಯ ಸುತ್ತು ಮುಗಿದಾಗ ಗುಳಿಗೆ ಅರ್ಧಕ್ಕೆ ಸವೆದಿತ್ತಲ್ಲವೇ? ಕಂಡಿದ್ದಳು. ಎಣಿಕೆ ಸರಿಯಾಗಿದೆಯೆಂದು ಸುಮ್ಮನಾಗಿದ್ದಳು.

"ನಾ ಹೇಳ್ಬೇಕಿತ್ತು," ಎಂದಳು ಮಂಜಿ. "ನೆನಪಾಗ್ಲಿಲ್ಲ." ಕಲ್ಲನ್ನು ಅವಳ ಕೈಯಲ್ಲೇ ಬಿಟ್ಟಳು. "ಇದು ನಿಮ್ಮನೇದೇ. ಇಟ್ಕಳ್ಳಿ. ಬಜೆ ತೇಯೂಕೆ ಬೇಕಾತದೆ."

"ಮತ್ತ ನಿನಗ?"

"ನಂಗಿನ್ನು ಕೆಲಸ ಇಲ್ಲಲ್ರಾ," ಎಂದಳು ಮಂಜಿ. "ನಾನೂ ಮನೀಲೇ ಇರ್ತೆ."

ಅಷ್ಟರಲ್ಲಿ ಮೂರು ಗಂಟೆಯಾಯಿತು. ಹೊಟ್ಟಿನ ಕೋಣೆಯ ಗೋಡೆಯಾಚೆ ಎಂಜಿನ್ನಿನ ಮೊದಲ ಹೊಡೆತ ಬಿತ್ತು, ನೆಲ ನಡುಗಿತು. ಎರಡೂ ಕೂಸುಗಳು ಒಮ್ಮೆಗೇ ಕೈ ಮೇಲಕ್ಕೆತ್ತಿ ಬೆಚ್ಚಿ, ಒಮ್ಮೆಗೇ ಅಳತೊಡಗಿದವು. ಗುರುಶಾಂತವ್ವ ಪರಮೇಶಿಯನ್ನು ಎದೆಗೆ ಒತ್ತಿಕೊಂಡಳು. ಮಂಜಿ ಗಂಟನ್ನು ಮರೆತು ನಿಂತಿದ್ದಳು. ಆ ಸದ್ದಿಗೆ ಮಗಳು ಬೆಚ್ಚುವುದನ್ನು ಅವಳು ಇದೇ ಮೊದಲ ಸಲ ನೋಡುತ್ತಿದ್ದಳು.